ಅದು ಯಾವ ‘ಆಯ್ತು’?

ಕನ್ನಡ ಭಾಷೆ ಗಂಡಂದಿರಿಗೆ ಕೊಟ್ಟ ಅತಿ ದೊಡ್ಡ ವರ ಯಾವುದೆಂದು ಯಾರಾದರೂ ಕೇಳಿದ್ದರೆ ನವೀನ್‌ಕುಮಾರ್ ಕ್ಷಣವೂ ಯೋಚಿಸದೆ ‘ಆಯ್ತು’ ಎನ್ನುತ್ತಿದ್ದ. ಕೇಳಿದವರು ಅದನ್ನು ಉತ್ತರವೆಂದು ತಿಳಿಯಬೇಕೋ, ಮಾತು ಮುಗಿಸುವ ಉಪಾಯವೆಂದು ತಿಳಿಯಬೇಕೋ ಹೇಳುವುದು ಕಷ್ಟ. ಆ ಪದದ ಮಹಿಮೆಯೇ ಅಂಥದು. ಕೆಲಸ ಮುಗಿದಿದ್ದರೂ ಆಯ್ತು, ಮುಂದೆಂದೋ ಮಾಡುವುದಿದ್ದರೂ ಆಯ್ತು, ಮಾಡುವ ಉದ್ದೇಶವೇ ಇಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಆಯ್ತು. ಭೂತವನ್ನೂ ಭವಿಷ್ಯತ್ತನ್ನೂ ಒಂದೇ ಬಾಯಿಯಲ್ಲಿ ಅಡಗಿಸಿಕೊಂಡ ಇಂಥ ಕ್ರಿಯಾಪದಕ್ಕೆ ವ್ಯಾಕರಣಕಾರರು ಪ್ರತ್ಯೇಕ ಅಧ್ಯಾಯ ಬರೆಯದೆ ಹೇಗೆ ಬಿಟ್ಟರೋ! (ಬಹುಶಃ ಬರೆಯಿರಿ ಎಂದು ಅವರ ಹೆಂಡತಿಯರು ಹೇಳಿದ್ದರು. ಅವರೂ ಆಯ್ತು ಎಂದಿರಬೇಕು.)

ನವೀನ್‌ಕುಮಾರ್ ಶನಿವಾರಸಂತೆಯ ಒಂದು ಬ್ಯಾಂಕಿನ ಶಾಖಾ ವ್ಯವಸ್ಥಾಪಕ. ಮನೆಯಲ್ಲಿ ಪಳಗಿಸಿದ ಈ ಪದವನ್ನು ತಾಲ್ಲೂಕಿನ ಪ್ರಗತಿ ಪರಿಶೀಲನಾ ಸಭೆಗೆ ಮೊದಲು ಒಯ್ದವನೂ ಅವನೇ. ಸಭೆಯಲ್ಲಿ ದೊಡ್ಡವರು ಏನೇ ಕೇಳಲಿ, ಎದ್ದು ನಿಂತು ವಿನಯದಿಂದ ‘ಆಯ್ತು ಸಾರ್’ ಎಂದು ಕುಳಿತುಬಿಡುತ್ತಿದ್ದ. ಕೇಳಿದವರಿಗೆ ಕೆಲಸ ಮುಗಿದ ಸಮಾಧಾನ, ಇವನಿಗೆ ಸುಳ್ಳು ಹೇಳದ ಸಮಾಧಾನ. ಇದನ್ನು ಕಂಡ ಇತರ ಅಧಿಕಾರಿಗಳು ಮಂತ್ರದೀಕ್ಷೆ ಪಡೆಯಲು ತಡಮಾಡಲಿಲ್ಲ. ಶಿಕ್ಷಣ ಇಲಾಖೆಯ ಕರಿಬಸಪ್ಪ ಬೇಗ ಕಲಿತ. ವಿದ್ಯುತ್ ಎಂಜಿನಿಯರ್ ಪೊನ್ನಪ್ಪ ಅದಕ್ಕೊಂದು ರಾಗ ಸೇರಿಸಿ ‘ಆಯ್ತಲ್ಲಾ’ ಎಂಬ ಸ್ವಂತ ಶೈಲಿಯನ್ನೇ ರೂಢಿಸಿಕೊಂಡ. ಹೀಗೆ ಇಡೀ ತಾಲ್ಲೂಕು ಸಕಲ ಕಾರ್ಯಗಳೂ ನೆರವೇರಿದ ಸುಖದಲ್ಲಿ ತೇಲುತ್ತಿರುವಾಗ ಚುನಾವಣೆ ಬಂತು. ಗೆದ್ದು ಶಾಸಕಿಯಾದವಳು ಉಷಾರಾಣಿ. ಅಂದರೆ, ನವೀನ್‌ಕುಮಾರನ ಧರ್ಮಪತ್ನಿ.

ಅವಳ ಮೊದಲ ಪರಿಶೀಲನಾ ಸಭೆಯ ಬೆಳಗ್ಗೆ ನವೀನ್‌ಕುಮಾರನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಕಾರಣವಿತ್ತು. ಹೊಳೆಯಾಚೆಯ ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ವಿದ್ಯಾರ್ಥಿವೇತನ ಬರಲು ಬ್ಯಾಂಕ್ ಖಾತೆ ಬೇಕಿತ್ತು. ಹೆಚ್ಚಿನವರು ಎಸ್ಟೇಟಿನ ಲೈನ್‌ಮನೆಗಳಲ್ಲಿರುವ ಕೂಲಿಕಾರರ ಮಕ್ಕಳು. ತಂದೆತಾಯಿ ಕೂಲಿ ಬಿಟ್ಟು ಬ್ಯಾಂಕಿಗೆ ಬಂದರೆ ಇಲ್ಲಿ ಸರ್ವರ್ ಮಲಗಿರುತ್ತಿತ್ತು. ಹಾಗಾಗಿ ಬ್ಯಾಂಕಿನವರೇ ಶಾಲೆಗೆ ಬಂದು ಖಾತೆ ತೆರೆಯುವ ಶಿಬಿರ ನಡೆಸಬೇಕೆಂದು ಮುಖ್ಯೋಪಾಧ್ಯಾಯಿನಿ ಶಕುಂತಲಮ್ಮ ಕೇಳಿಕೊಂಡಿದ್ದರು. ಇವನು ‘ಆಯ್ತು ಮೇಡಂ’ ಎಂದಿದ್ದ. ಅಂದಾಗ ಕಾಫಿ ಗಿಡದಲ್ಲಿ ಹೀಚಿತ್ತು. ಈಗ ಹಣ್ಣಾಗಿ ಕೊಯ್ಲು ಶುರುವಾಗಿತ್ತು. ನಡೆಯದ ಆ ಶಿಬಿರದ ಬಗ್ಗೆ ಇಂದು ತುಂಬಿದ ಸಭೆಯಲ್ಲಿ, ಸ್ವಂತ ಹೆಂಡತಿಯೇ ಕೇಳಿದರೆ ಇವನ ಮಾನ ಉಳಿಯುವುದೆಂತು?

“ಉಷಾ, ಇವತ್ತು ಮೀಟಿಂಗಲ್ಲಿ ನನ್ನನ್ನೇನೂ ಕೇಳ್ಬೇಡ,” ಎಂದ.

“ಯಾಕ್ರೀ?”

“ಗಂಡ ಹೆಂಡ್ತಿ ಎದುರುಬದುರು ನಿಂತ್ಕೊಂಡು ಪ್ರಶ್ನೋತ್ತರ ಮಾಡಿದ್ರೆ ಚೆನ್ನಾಗಿರುತ್ತಾ? ಪ್ರಜಾಪ್ರಭುತ್ವಕ್ಕೂ ಒಂದು ಮರ್ಯಾದೆ ಬೇಡ್ವಾ?”

“ಹೋಗ್ತಿರೋದು ಪ್ರಜಾಪ್ರಭುತ್ವದ ಮರ್ಯಾದೆನೋ, ನಿಮ್ದೋ?”

ಒಲೆಯ ಮುಂದಿದ್ದ ಅವನ ತಾಯಿ ರುದ್ರಮ್ಮ ತಿರುಗದೆಯೇ ತೀರ್ಪು ಕೊಟ್ಟಳು: “ಏನೋ ಕೆಲ್ಸ ಬಾಕಿ ಇಟ್ಕಂಡಿದಾನೆ ಕಣೇ. ಚಿಕ್ಕೋನಿದ್ದಾಗ್ಲೂ ಅಷ್ಟೆ. ಮಗ್ಗಿ ಬರ್ದಿಲ್ಲ ಅಂದ್ರೆ ಮೇಷ್ಟ್ರ ಮನೆಗೆ ಬೆಳಿಗ್ಗೇನೇ ಬಾಳೆಗೊನೆ ಹೊತ್ಕಂಡ್ ಹೋಗೋನು.”

“ಅವ್ವಾ, ಸುಮ್ನಿರು ನೀನು.”

“ಸುಮ್ನೇ ಇದೀನಪ್ಪ. ರೊಟ್ಟಿ ತಟ್ಟೋ ಸದ್ದು ಅದು.”

ಉಷಾರಾಣಿ ಗಂಡನ ಮುಖವನ್ನೊಮ್ಮೆ ನೋಡಿದಳು. ಸೀರೆಯ ನೆರಿಗೆ ಸರಿಪಡಿಸಿಕೊಂಡು, ಬಾಗಿಲ ಕಡೆ ಹೊರಳುತ್ತ ಹೇಳಿದಳು: “ಆಯ್ತು.”

ನವೀನ್‌ಕುಮಾರನ ಎದೆ ಹಗುರಾಯಿತು. ಇನ್ನೆರಡು ರೊಟ್ಟಿ ಹಾಕಿಸಿಕೊಂಡ. ಊರಿಗೆಲ್ಲ ಖೋಟಾ ನೋಟು ಹಂಚಿದ ಮಹಾನುಭಾವ ತನ್ನ ಕೈಗೇ ಬಂದ ನೋಟನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.

ಸಭಾಂಗಣದಲ್ಲಿ ಪೊನ್ನಪ್ಪ ಓಡಿಬಂದು ಕಿವಿಯಲ್ಲಿ ಕೇಳಿದ: “ಮನೇಲಿ ಮಾತಾಡಿದ್ರಾ?”

“ಮಾತಾಡಿದೆ. ಒಪ್ಪಿದ್ಳು.”

“ಬಚಾವಾದ್ರಿ ಮಾರಾಯ್ರೇ! ನಮ್ಮದೂ ಒಂದು ಮಾತು ಹಾಕ್ಬಾರ್ದಿತ್ತಾ?”

ಸಭೆ ಶುರುವಾಯಿತು. ಮೊದಲ ಪ್ರಶ್ನೆ ಶಿಕ್ಷಣ ಇಲಾಖೆಗೆ. “ಗಾಳಿಗೆ ಶಾಲೆ ಹೆಂಚು ಹಾರಿಹೋಗಿತ್ತಲ್ಲ, ಹೊಸದು ಹೊದಿಸಿದ್ರಾ?”

ಕರಿಬಸಪ್ಪ ಎದ್ದ. “ಆಯ್ತು ಮೇಡಂ,” ಎಂದ. ಕುಳಿತ.

ಉಷಾರಾಣಿ ಪೆನ್ನು ಕೆಳಗಿಟ್ಟಳು. “ಅದು ಯಾವ ಆಯ್ತು ಕರಿಬಸಪ್ಪನೋರೇ?”

“ಮೇಡಂ?”

“ಅದ್ರಲ್ಲಿ ಮೂರು ಜಾತಿ ಇದೆ. ಮೆಲ್ಲಗೆ ಅಂದ್ರೆ ಕೆಲ್ಸ ಆಗಿದೆ ಅಂತ. ಕತ್ತು ಅಲ್ಲಾಡಿಸ್ಕೊಂಡು ಅಂದ್ರೆ ಮುಂದೆ ನೋಡೋಣ ಅಂತ. ನೀವಂದ್ರಲ್ಲ, ಗಟ್ಟಿಯಾಗಿ, ಗೋಡೆ ನೋಡ್ಕೊಂಡು, ಅದು ‘ಸುಮ್ನೆ ಹೋಗಮ್ಮ’ ಅನ್ನೋ ಆಯ್ತು. ನಮ್ಮನೇಲಿ ಗ್ಯಾಸ್ ಮುಗಿದ ದಿನ ಅದೇ ಬರೋದು.”

ಒಂದೇ ದಾರಕ್ಕೆ ಕಟ್ಟಿ ಎಳೆದಂತೆ ಅಷ್ಟೂ ಅಧಿಕಾರಿಗಳ ತಲೆಗಳು ನವೀನ್‌ಕುಮಾರನ ಕಡೆ ತಿರುಗಿದವು. ಅವನು ಫ್ಯಾನಿನ ರೆಕ್ಕೆಗಳನ್ನು ಅಧ್ಯಯನ ಮಾಡುತ್ತಿದ್ದ.

“ಪೊನ್ನಪ್ಪನವರೇ, ಲೈನ್‌ಮನೆಗಳಿಗೆ ಲೈನ್ ಎಳೆದ್ರಾ?”

ಪೊನ್ನಪ್ಪ ಅಭ್ಯಾಸಬಲದಿಂದ “ಆ...” ಎಂದು ಬಾಯಿ ತೆರೆದವನು ಅಲ್ಲೇ ನಿಂತ.

“ಹೇಳಿ. ಆ...?”

“ಆ... ಆನೆ ಮೇಡಂ! ಆನೆ ಬಂದು ಕಂಬ ಬೀಳಿಸ್ತು.”

“ಕಂಬ ನಿಲ್ಲಿಸಿದ್ರಾ?”

“ಇಲ್ಲ ಮೇಡಂ. ಆದ್ರೆ ಕಂಬ ನಿಲ್ಲಿಸೋ ಜಾಗಾನ ಆನೆ ನೋಡ್ಕೊಂಡು ಹೋಯ್ತು.”

“ಪರವಾಗಿಲ್ಲ, ಆನೆಯಾದ್ರೂ ಸ್ಥಳ ಪರಿಶೀಲನೆ ಮಾಡಿದೆ. ನೀವು ಯಾವಾಗ ಹೋಗ್ತೀರಿ?”

ಪೊನ್ನಪ್ಪ ಬೆವರು ಒರೆಸಿಕೊಂಡು ಸೋಮವಾರ ಎಂದ. ಆಮೇಲೆ ಧ್ವನಿವರ್ಧಕದಲ್ಲಿ ಕೇಳಿಬಂತು: “ನವೀನ್‌ಕುಮಾರ್ ಅವರೇ.”

ಉಷಾರಾಣಿ ಗಂಡನ ಹೆಸರು ಹಿಡಿದು ಹೇಳಿದ್ದು ಮದುವೆಯ ದಿನ ಮಾತ್ರ. ಅತ್ತಿಗೆ ನಾದಿನಿಯರು ಬಾಗಿಲು ಅಡ್ಡಗಟ್ಟಿ ಪೀಡಿಸಿದಾಗ ನಾಚಿ, ಪ್ರಾಸ ಹೊಂದಿಸಿ, ಒಡಪು ಕಟ್ಟಿ ಹೇಳಿದ್ದಳು. ಅಂದು ಪದ್ಯದಲ್ಲಿ ಬಂದ ಹೆಸರು ಇಂದು ಗದ್ಯದಲ್ಲಿ ಬಂದಿತ್ತು. ಎದ್ದು ನಿಂತವನು ಗಾಬರಿಯಲ್ಲಿ ತಗ್ಗಿ ಪಿಸುಗುಟ್ಟಿದ. ತಗ್ಗಿದ್ದು ಮೈಕಿನ ಬಾಯಿಗೇ.

“ಉಷಾ, ಬೆಳಿಗ್ಗೆ ಆಯ್ತು ಅಂದ್ಯಲ್ಲೇ!”

ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳು ಆ ಅಳಲನ್ನು ಅನುರಣಿಸಿದವು. ಶಾಸಕಿ ಮುಖಭಾವ ಬದಲಿಸಲಿಲ್ಲ. “ಅಂದಿದ್ದೆ. ಯಾವುದು ಅಂತ ನೀವು ಕೇಳ್ಲಿಲ್ಲ.”

ನಗೆ ಅಡಗಲು ಬಹಳ ಹೊತ್ತು ಹಿಡಿಯಿತು. ನಂತರ ಅವಳು ಕೇಳಿದಳು: “ಶಾಲೇಲಿ ಖಾತೆ ಶಿಬಿರ ಮಾಡಿದ್ದೀರಾ, ಇಲ್ವಾ?”

“ಪ್ರಕ್ರಿಯೆ ಪ್ರಗತಿಯಲ್ಲಿ...”

“ನಿಘಂಟು ಬೇಡ. ಮಾಡಿದ್ರಾ, ಇಲ್ವಾ?”

ಹುಡುಕಿ ಹುಡುಕಿ ಒಂದು ಪದ ಸಿಕ್ಕಿತು. “ಇಲ್ಲ.”

“ನಾಳೆ ಮಾಡಿ. ಶಕುಂತಲಮ್ಮನೋರು ಶಾಲೆ ತೆಗೀತಾರೆ. ಭಾನುವಾರ ಅಂತ ಕಾಫಿ ಪಿಕಿಂಗಿಗೂ ನಾಳೆ ರಜ. ಇನ್ಮೇಲೆ ಈ ಸಭೇಲಿ ಆಯ್ತು ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು. ನಡಾವಳಿಗೆ ಬರ್ಕೊಳ್ಳಿ.”

“ಆಯ್ತು ಮೇ...” ಎನ್ನುತ್ತಲೇ ನಡಾವಳಿ ಬರೆಯುತ್ತಿದ್ದ ಗುಮಾಸ್ತ ನಾಲಿಗೆ ಕಚ್ಚಿಕೊಂಡ.

ಹೊರಗೆ ಬಂದದ್ದೇ ಪೊನ್ನಪ್ಪ ಹಾರಾಡಿದ: “ಎಂಥ ಮನುಷ್ಯ ಮಾರಾಯ್ರೇ ನೀವು! ಅಷ್ಟೂ ಡಿಪಾರ್ಟ್‌ಮೆಂಟು ನೆಚ್ಚಿಕೊಂಡಿದ್ದ ಒಂದು ಪದ. ಅದನ್ನ ಮನೇಲೂ ಖರ್ಚು ಮಾಡ್ಬೇಕಿತ್ತಾ?”

ಭಾನುವಾರ ನವೀನ್‌ಕುಮಾರ್ ಶಾಲೆಯಲ್ಲಿ ಮಕ್ಕಳ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತ. ಅಲ್ಲಿ ಸಿಗ್ನಲ್ ಇರಲಿಲ್ಲ. ಬಿಸಿಯೂಟದ ಅಡುಗೆಕೋಣೆಯ ಹಿಂದಿನ ದಿಣ್ಣೆಯ ಮೇಲೆ ಮಾತ್ರ ಸಿಗುತ್ತದೆಂದು ತಿಳಿದು ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು ದಿಣ್ಣೆ ಹತ್ತಿದ. ಹಿಂದೆ ಮಕ್ಕಳು, ಅವರ ಹಿಂದೆ ತಂದೆತಾಯಿ. ದೂರದಿಂದ ನೋಡಿದವರಿಗೆ ಯಾವುದೋ ಸ್ವಾಮಿಗಳ ಪಾದಯಾತ್ರೆ. ಕಾಫಿಹಣ್ಣಿನ ಅಂಟು ಹಿಡಿದ ಹೆಬ್ಬೆರಳುಗಳನ್ನು ಬೆರಳಚ್ಚು ಯಂತ್ರ ಒಪ್ಪಲಿಲ್ಲ. ತಾನೇ ತನ್ನ ಕರ್ಚೀಫು ಒದ್ದೆಮಾಡಿ ಒರೆಸಿ ಒರೆಸಿ ಒತ್ತಿಸಿದ. ಹೊತ್ತು ಇಳಿಯುವ ಮುಂಚೆ ಖಾತೆಗಳೆಲ್ಲ ತೆರೆದವು. ಬೆನ್ನು ನೆಟ್ಟಗೆ ಮಾಡಿಕೊಂಡಾಗ ಅವನಿಗೆ ವಿಚಿತ್ರ ಸಂತೋಷವಾಯಿತು. ಕೆಲಸ ಮುಗಿಸಿದರೆ ಹೀಗೂ ಅನ್ನಿಸುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದಾಗ ರುದ್ರಮ್ಮ ಜಗಲಿಯಲ್ಲಿದ್ದಳು. “ಹೋದ ಕೆಲ್ಸ ಏನಾಯ್ತೋ?”

“ಮಾಡ್ದೆ ಅವ್ವ. ಎಲ್ಲ ಮಾಡಿ ಮುಗ್ಸಿ ಬಂದೆ.”

ರುದ್ರಮ್ಮ ಎದ್ದು ಅವನ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು. “ಉಷಾ, ಬಾರೇ ಇಲ್ಲಿ! ಇವ್ನಿಗೆ ಬಿಸಿಲು ಬಡಿದಿದೆ.”

ಉಷಾರಾಣಿ ಕಾಫಿ ಹಿಡಿದು ಬಂದಳು. ಶಕುಂತಲಮ್ಮ ಆಗಲೇ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದ್ದರು. ಅವಳು ಪಕ್ಕದಲ್ಲಿ ಕುಳಿತು, ಬಹುಕಾಲದಿಂದ ಕೇಳದ ಮೆತ್ತನೆಯ ದನಿಯಲ್ಲಿ, “ರೀ, ಇಷ್ಟು ವರ್ಷ ನಾನೇ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ,” ಎಂದಳು.

ನವೀನ್‌ಕುಮಾರ್ ಉದಾರವಾಗಿ ಕೈಯಾಡಿಸಿದ. “ಬಿಡು ಉಷಾ. ಏನಂತ ತಿಳ್ಕೊಂಡಿದ್ದೆ?”

“ಪಾಪ, ನಿಮಗೆ ಕೆಲ್ಸ ಮಾಡೋಕೇ ಬರಲ್ಲ ಅಂತ. ಅದಕ್ಕೇ ಅಡುಗೆಮನೆಯ ಸೋರೋ ಹೆಂಚಿಗೂ, ಇನ್ಯಾವುದಕ್ಕೂ ಜಾಸ್ತಿ ಒತ್ತಾಯ ಮಾಡ್ದೆ ಬಿಟ್ಟಿದ್ದೆ.”

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಏನನ್ನೋ ನೆಲದ ಮೇಲೆ ಎಳೆದು ತರುವ ಸದ್ದು ಕೇಳಿಸಿತು. ರುದ್ರಮ್ಮ ಏಣಿ ತರುತ್ತಿದ್ದಳು.