ಧಾರೆ ಸೀರೆಗೆ ಒಂದು ಡಬ್ಬ ಕಾರ್ನ್‌ಫ್ಲೋರ್

ಸೀರೆ ಬಣ್ಣ ಬಿಡಬಹುದಿತ್ತು. ಜರಿ ಕಪ್ಪಾಗಬಹುದಿತ್ತು. ಸೀರೆಯ ಒಡತಿ ನಮ್ಮ ಹೊಸಿಲು ತುಳಿಯುವುದಿಲ್ಲವೆಂದು ಶಪಥ ಮಾಡಬಹುದಿತ್ತು. ನನ್ನ ಹೆಂಡತಿಗೆ ತವರು, ನನಗೆ ಊಟ, ಎರಡೂ ಒಂದೇ ದಿನ ತಪ್ಪಬಹುದಿತ್ತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ತಿಪಟೂರಿನಲ್ಲಿ ರೈಲಿಳಿದು ಅರಸೀಕೆರೆಗೆ ವಾಪಸ್ ಬಂದ ಮನುಷ್ಯ ನಾನು. ಇಷ್ಟೆಲ್ಲ ಯೋಚಿಸುವುದು ನನಗೇನು ಕಷ್ಟ!

ಸೀರೆ ನನ್ನ ಹೆಂಡತಿ ಶಾರದೆಯದಲ್ಲ. ಮದುವೆಯೊಂದಕ್ಕೆ ಉಡಲು ಹಾರನಹಳ್ಳಿಯ ಅವಳ ಅತ್ತಿಗೆ ಗೌರಮ್ಮನವರಿಂದ ತಂದದ್ದು. ಅವರ ಧಾರೆ ಸೀರೆ! ವಾಪಸ್ ಒಯ್ಯಲು ಅಂದು ಮಧ್ಯಾಹ್ನ ಅವರೇ ಬರುವವರಿದ್ದರು.

ಮಂಚದ ಮೇಲೆ ಸೀರೆ ಮಡಿಸಿಟ್ಟಿತ್ತು. ನಾನು ಕನ್ನಡಿಯ ಮುಂದೆ ನಿಂತು ಗಾಣದ ಕೊಬ್ಬರಿ ಎಣ್ಣೆಯ ಬಾಟಲಿ ಕೈಗೆತ್ತಿಕೊಂಡೆ. ಮುಚ್ಚಳ ಬಿಗಿಯಾಗಿತ್ತು. ನಾನೂ ಬಿಡಲಿಲ್ಲ. ಮುಚ್ಚಳ ಬಂತು, ಬಾಟಲಿ ಜಾರಿತು. ಸೆರಗಿನ ಮೇಲೆ ಅಂಗೈಯಗಲ ಎಣ್ಣೆ!

"ಶಾರದಾ, ನೀನು ಗಾಬರಿಯಾಗಬೇಡ" ಎಂದು ಗಾಬರಿಯಿಂದ ಕೂಗಿದೆ.

ಅವಳು ಓಡಿಬಂದಳು. "ಅಯ್ಯೋ! ಇರೋ ನಾಲ್ಕು ಕೂದಲಿಗೆ ಎಣ್ಣೆ ಬೇರೆ ಕೇಡು! ನೀರು ಮುಟ್ಟಿಸ್ಬೇಡಿ. ಅಡುಗೆಮನೇಲಿ ಕಾರ್ನ್‌ಫ್ಲೋರ್ ಡಬ್ಬ ಇದೆ, ಮೇಲೆ ಉದುರಿಸಿ. ಎಣ್ಣೆ ಹೀರ್ಕೊಳ್ಳುತ್ತೆ."

ಗೋಬಿ ಮಂಚೂರಿಗೆ, ಸೂಪಿಗೆ ಹಾಕುವ ಹಿಟ್ಟು ರೇಷ್ಮೆ ಸೀರೆಗೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ಹಿಡಿ ಸಾಲದಿದ್ದರೆ? ಇಡೀ ಡಬ್ಬ ಸುರಿದೆ. ಬೇಗ ಒಣಗಲೆಂದು ಫ್ಯಾನನ್ನೂ ಹಾಕಿದೆ. ಕ್ಷಣಾರ್ಧದಲ್ಲಿ ಕೋಣೆಯಲ್ಲಿ ಮಂಜು ಕವಿಯಿತು! ಫ್ಯಾನ್ ಆರಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆರೆದೆ. ಗೌರಮ್ಮ!

"ಇದೇನಣ್ಣಾ, ಯಾವ ನಾಟಕದ ವೇಷ?"

"ಪೌಡರ್ ಕಣಮ್ಮಾ. ಬೆವರಿಗೆ."

"ಮೀಸೆಗೂ ಬೆವರು ಬತ್ತೈತಾ?"

ಶಾರದೆ ಅವರನ್ನು ನಡುಮನೆಯಲ್ಲಿ ಕೂರಿಸಿ ಕಣಕಟ್ಟೆಯ ನೆಂಟರ ಸುದ್ದಿ ತೆಗೆದಳು. ಇಬ್ಬರಿಗೂ ಆಗದ ನೆಂಟರು. ಆ ಮಾತು ಬೇಗ ಮುಗಿಯುವುದಿಲ್ಲ. ನಾನು ಕೋಣೆ ಸೇರಿ, ಸಕಲ ದೇವರಿಗೂ ಹರಕೆ ಹೊತ್ತು, ಸೀರೆಯ ಮೇಲಿನ ಹಿಟ್ಟನ್ನು ಮೆತ್ತನೆಯ ಬಟ್ಟೆಯಿಂದ ನ್ಯೂಸ್ ಪೇಪರಿನ ಮೇಲಕ್ಕೆ ಸರಿಸಿದೆ. ಕಲೆ ಮಾಯ! ಹುಡುಕಿದರೂ ಇಲ್ಲ! ಆನಂದದಲ್ಲಿ ಸೀರೆ ಮಡಿಸಿದೆ. ಪೇಪರಿನ ಮೇಲೆ ಅಷ್ಟೊಂದು ಹಿಟ್ಟು ಉಳಿದಿತ್ತು. ಚೆಲ್ಲುವ ವಂಶ ನಮ್ಮದಲ್ಲ. ಡಬ್ಬಕ್ಕೇ ತುಂಬಿ, ಸದ್ದಿಲ್ಲದೆ ಅಡುಗೆಮನೆಯಲ್ಲಿಟ್ಟೆ.

ಗೌರಮ್ಮ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೆರಗು ಬಿಡಿಸಿದರು. ನನ್ನ ಉಸಿರು ನಿಂತಿತ್ತು.

"ಪರವಾಗಿಲ್ಲ ಕಣೇ ಶಾರದಾ, ಜೋಪಾನವಾಗಿ ಮಡಗಿದ್ದೀಯ. ಇನ್ಯಾವಾಗ ಬೇಕಾದ್ರೂ ಕೇಳು, ಕೊಡ್ತೀನಿ."

ನನ್ನ ಉಸಿರು ವಾಪಸ್ ಬಂತು. ಶಾರದೆಗೂ ಎಷ್ಟು ಖುಷಿಯಾಯಿತೆಂದರೆ, ಅನ್ನ ಸಾರಿಗೆ ಮುಂಚೆ ಅತ್ತಿಗೆಗೆಂದು ಟೊಮೇಟೊ ಸೂಪ್ ಮಾಡಿಬಿಟ್ಟಳು. ಗಟ್ಟಿಯಾಗಿ, ಹೋಟೆಲಿನಲ್ಲಿ ಕೊಡುವಂತೆ. ಗಟ್ಟಿಯಾಗಲು ಏನು ಹಾಕಿದಳೆಂಬುದು ನನಗೆ ಹೊಳೆಯುವಷ್ಟರಲ್ಲಿ ಗೌರಮ್ಮ ಮೊದಲ ಚಮಚ ಬಾಯಿಗಿಟ್ಟಾಗಿತ್ತು.

ಅವರು ಚಮಚ ಕೆಳಗಿಟ್ಟರು. ಬಟ್ಟಲು ಮೂಸಿದರು. ನನ್ನ ಕಡೆ ನೋಡಿದರು.

"ಅಲ್ವೇ ಶಾರದಾ, ಇದೇನೇ ಸೂಪು, ಅಣ್ಣನ ತಲೆ ವಾಸನೆ ಹೊಡೀತೈತೆ!"

ಶಾರದೆ ನನ್ನನ್ನು ನೋಡಿದಳು. ನಾನು ಮೆಲ್ಲಗೆ ತಲೆ ಸವರಿಕೊಂಡೆ. ಗಡಿಬಿಡಿಯಲ್ಲಿ ಅಂದು ನಾನು ತಲೆಗೆ ಎಣ್ಣೆ ಹಚ್ಚಿಕೊಂಡಿರಲೇ ಇಲ್ಲ.