ಬೀಸೋಕಲ್ಲಿನ ಮೇಲೆ ಅಲ್ಯೂಮಿನಿಯಂ ಪಟ್ಟಿ

ಸ್ಟೀಲ್ ತಟ್ಟೆ ಕಂಡುಹಿಡಿದ ಪುಣ್ಯಾತ್ಮ ಅದನ್ನು ಒಣಗಿಸಿಡುವ ಬಗೆಯನ್ನೂ ಅವತ್ತೇ ಕಂಡುಹಿಡಿದಿದ್ದರೆ ಮಾವನ ಎದುರು ನನಗೆ ಈ ಪಾಡು ಬರುತ್ತಿರಲಿಲ್ಲ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನನ್ನ ಹೆಂಡತಿ ಏಕಾಂತಮ್ಮ ಅಟ್ಟದ ಮೇಲಿದ್ದ ಹಿತ್ತಾಳೆ ಸಾಮಾನನ್ನೆಲ್ಲ ಪಾತ್ರೆಯವನಿಗೆ ಹಾಕಿ ಹೊಳೆಯುವ ಸ್ಟೀಲ್ ತಟ್ಟೆಗಳನ್ನು ತಂದಳು. ಅವತ್ತಿನಿಂದ ನಮ್ಮ ಹೊಸದುರ್ಗದ ಮನೆಯಲ್ಲಿ ಮೊದಲ ಮರ್ಯಾದೆ ಅವಕ್ಕೆ, ಉಳಿದರೆ ನನಗೆ. ಒಂದರ ಮೇಲೊಂದು ಪೇರಿಸಿದರೆ ನೀರಿನ ಕಲೆ ಬೀಳುತ್ತದೆ. ಗೋಡೆಗೆ ಒರಗಿಸಿದರೆ ಠಣಾರನೆ ಜಾರಿ ಬೀಳುತ್ತವೆ (ಅದೂ ಭಾನುವಾರ ಮಧ್ಯಾಹ್ನ ನನಗೆ ಕಣ್ಣು ಹತ್ತಿದ ಗಳಿಗೆಯಲ್ಲೇ). ಚಿತ್ರದುರ್ಗದಲ್ಲಿರುವ ಅವಳಕ್ಕ ಜಯಕ್ಕನ ಮನೆಯಲ್ಲಿ ತಟ್ಟೆ ನಿಲ್ಲಿಸುವ ಸ್ಟ್ಯಾಂಡ್ ಇದೆಯಂತೆ. ಊಟಕ್ಕೆ ಕೂತಾಗಲೆಲ್ಲ ನನಗೆ ಸಾರಿನ ಜೊತೆ ಅದರ ವರ್ಣನೆಯನ್ನೂ ಬಡಿಸುತ್ತಿದ್ದಳು.

ಕೇಳಿ ಕೇಳಿ ಸಾಕಾಗಿ ಒಂದು ದಿನ ಹೇಳಿಬಿಟ್ಟೆ. ಅದೇನು ಬ್ರಹ್ಮವಿದ್ಯೆಯೇ, ಎರಡು ಅಲ್ಯೂಮಿನಿಯಂ ಪಟ್ಟಿ, ಅವುಗಳಲ್ಲಿ ಸಾಲಾಗಿ ಕಚ್ಚು, ಕಚ್ಚಿನಲ್ಲಿ ತಟ್ಟೆ. ನಾನೇ ಮಾಡುತ್ತೇನೆ ಎಂದೆ. ಏಕಾಂತಮ್ಮ ನಾನು ಹಿಂದಿನ ವರ್ಷ ರಿಪೇರಿ ಮಾಡಿದ್ದ ಕುರ್ಚಿಯ ಕಡೆ ಒಮ್ಮೆ ನೋಡಿದಳು. (ಅದನ್ನೀಗ ಗೋಡೆಗೆ ಒರಗಿಸಿ, ಮೇಲೆ ಹಗುರವಾದ ಬಟ್ಟೆ ಮಾತ್ರ ಹಾಕುತ್ತೇವೆ.) ಆ ನೋಟ ನನ್ನನ್ನು ಚುಚ್ಚಿತು.

ನಾನು ಪೋಸ್ಟಾಫೀಸಿನ ಗುಮಾಸ್ತ. ಲೋಹದ ಜೊತೆ ನನ್ನ ಒಡನಾಟ ಕಾಗದದ ಮೇಲೆ ಸೀಲು ಗುದ್ದುವಷ್ಟರದು. ಆದರೂ ಹಿರಿಯೂರಿಗೆ ಹೋದಾಗ ಹೆದ್ದಾರಿ ಪಕ್ಕ ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಹೆಬ್ಬೆರಳು ದಪ್ಪದ ಎರಡು ತುಂಡು ಪಟ್ಟಿ ತಂದೆ. ಸೈಕಲ್ ಶಾಪಿನ ಮಾರಣ್ಣನಿಂದ ಗರಗಸ, ಅರ ಎರವಲು ತಂದೆ. ಒಂದೇ ಬ್ಲೇಡಿನ ಕಚ್ಚು ತಟ್ಟೆಯ ಅಂಚಿಗೆ ಸಾಲದೆಂದು ಎರಡು ಬ್ಲೇಡು ಜೋಡಿಸಿ ಗರಗಸಕ್ಕೆ ಬಿಗಿದೆ. ಈ ಉಪಾಯ ಹೊಳೆದಾಗ ನನ್ನ ಮೇಲೆ ನನಗೇ ಗೌರವ ಬಂತು.

ಅಲ್ಯೂಮಿನಿಯಂ ನೋಡುವುದಕ್ಕೆ ಬಲು ಸಾಧು. ಕೊಯ್ಯಲು ಕೂತರೆ ಅದರ ಪುಡಿ ಗರಗಸದ ಹಲ್ಲಿಗೆಲ್ಲ ಮೆತ್ತಿಕೊಂಡು ಗರಗಸ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅದಕ್ಕೆ ಎಣ್ಣೆ ಬೇಕು ಎಂದು ಹೊಳೆಯಿತು. ಸೀಮೆಎಣ್ಣೆ ರೇಷನ್ನಿನದು, ಮುಟ್ಟಿದರೆ ಮನೆಯಲ್ಲಿ ಯುದ್ಧ. ಏಕಾಂತಮ್ಮ ತಲೆಗೆ ಹಚ್ಚುವ ತೆಂಗಿನೆಣ್ಣೆ ಕೈಗೆ ಸಿಕ್ಕಿತು. ಎಣ್ಣೆ ಬಿಟ್ಟಮೇಲೆ ಗರಗಸವೇನೋ ಓಡಿತು, ಆದರೆ ಪಟ್ಟಿಯೂ ಅದರ ಜೊತೆ ಓಡತೊಡಗಿತು. ಮೊಣಕಾಲ ನಡುವೆ ಹಿಡಿದೆ, ಜಾರಿತು. ಮಂಚದ ಕಾಲಿನ ಕೆಳಗಿಟ್ಟೆ, ಮಂಚವೇ ಹೊರಟಿತು. ಪಟ್ಟಿಯನ್ನು ಬಿಗಿಯಾಗಿ ಹಿಡಿಯುವ ಯಂತ್ರವೊಂದು ಮಾರಣ್ಣನ ಅಂಗಡಿಯಲ್ಲಿತ್ತು, ಆದರೆ ಅದನ್ನು ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ್ದರು.

ಆಗ ಮೂಲೆಯಲ್ಲಿದ್ದ ರಾಗಿ ಬೀಸೋಕಲ್ಲು ಕಂಡಿತು.

ಮೇಲ್ಗಲ್ಲು ಎತ್ತಿ, ಕೆಳಗಲ್ಲಿನ ಮೇಲೆ ಎರಡೂ ಪಟ್ಟಿಯನ್ನು ತುದಿ ಹೊರಗೆ ಚಾಚುವಂತೆ ಒತ್ತಟ್ಟಿಗೆ ಇಟ್ಟು, ಮತ್ತೆ ಮೇಲ್ಗಲ್ಲು ಮುಚ್ಚಿ, ಅದರ ಮೇಲೆ ನಾನು ಕೂತೆ. ಪಟ್ಟಿ ಅಲ್ಲಾಡಲಿಲ್ಲ. ಮದುವೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಕಲ್ಲು ಅದು. ಕಾಲು ತಾಗಿದರೂ ಏಕಾಂತಮ್ಮ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ನಾನು ತಾಗಿಸಿದ್ದು ಕಾಲನ್ನಲ್ಲ. ಅವಳು ಪಕ್ಕದ ಮನೆ ಚಿತ್ತಮ್ಮನ ಜೊತೆ ಹಪ್ಪಳ ಒತ್ತಲು ಹೋಗಿದ್ದರಿಂದ ಆ ಸಂಜೆ ನನ್ನ ಯಂತ್ರಶಿಲ್ಪಕ್ಕೆ ಅಡ್ಡಿಯಿರಲಿಲ್ಲ. ಕಚ್ಚು ಒಂದಾದಮೇಲೊಂದು ಬಿದ್ದವು. ಅರದಿಂದ ಅಂಚು ಉಜ್ಜಿದೆ. ಬೆಳ್ಳಿಯಂಥ ಪುಡಿ ಕಲ್ಲಿನ ಸಂದಿಗೆಲ್ಲ ಉದುರಿತು. ಬಾಗಿಲಲ್ಲಿ ಅವಳ ಬಳೆ ಸದ್ದು ಕೇಳಿದಾಗ ಎದ್ದು, ಕಲ್ಲನ್ನು ಬಾಯಿಂದ ಉಫ್ ಎಂದು ಊದಿ, ಟವೆಲಿನಿಂದ ಒರೆಸಿ ಮುಚ್ಚಿದೆ. ಅಷ್ಟು ಸಾಕು ಎಂದುಕೊಂಡೆ.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಹರಿಯಬ್ಬೆಯಿಂದ ಮಾವ ಚಿಕ್ಕತಿಮ್ಮಪ್ಪನವರು ಬಂದು ಎಲೆಯಡಿಕೆ ಹಾಕುತ್ತ ಕೂತಿದ್ದರು. ಹೆಂಡತಿಯ ಮುಖದಲ್ಲಿ ತವರಿನ ಕಳೆ. ಮೂಲೆಯ ಬೀಸೋಕಲ್ಲು ಮಾತ್ರ ಜಾಗ ಬಿಟ್ಟು ಹಿತ್ತಲ ಬಾಗಿಲ ಹತ್ತಿರ ಬಂದಿತ್ತು.

"ರಾಗಿ ಹಿಟ್ಟು ಮುಗಿದಿತ್ತಲ್ಲ?" ಎಂದೆ ಮೆಲ್ಲಗೆ.

"ಕರೆಂಟಿಲ್ಲ, ಮಿಲ್ಲು ಬಾಗ್ಲು ಹಾಕೈತೆ. ಅಪ್ಪ ಬಂದಾರೆ, ಮುದ್ದೆ ಇಲ್ದೆ ಹೆಂಗೆ? ಕಲ್ಲಲ್ಲೇ ಬೀಸಿದೆ. ಕುಂತ್ಕಳ್ರಿ."

ಮಾವನ ತಟ್ಟೆಗೆ ಮುದ್ದೆ ಬಿತ್ತು, ಮೇಲೆ ತುಪ್ಪ. ತುಪ್ಪ ಮಿನುಗಿದ ಕಡೆಯಲ್ಲೆಲ್ಲ ನನಗೆ ಅಲ್ಯೂಮಿನಿಯಂ ಕಂಡಿತು. ಅಗಿದು ತಿನ್ನುವ ಪದಾರ್ಥವಾಗಿದ್ದರೆ ಹಲ್ಲಿಗೆ ಕರಕರ ಎಂದು ಅವರಿಗೇ ಗೊತ್ತಾಗುತ್ತಿತ್ತು. ಮುದ್ದೆಯನ್ನು ಅಗಿಯುವವರು ಯಾರು? ಸಾರಿನಲ್ಲಿ ಅದ್ದಿ ನುಂಗುವುದು. ಮಾವನಂತೂ ನುಂಗುವುದರಲ್ಲಿ ನಮ್ಮ ಸೀಮೆಗೇ ಹೆಸರಾದವರು. ಹೇಳಿದರೆ ಕಲ್ಲಿನ ಮೇಲೆ ಕೂತದ್ದು ಬಯಲಾಗುತ್ತದೆ, ಹೇಳದಿದ್ದರೆ ಮಾವನ ಹೊಟ್ಟೆ ಏನಾಗುತ್ತದೋ. ನಾನು ಮೂರನೇ ದಾರಿ ಹಿಡಿದೆ. "ಮಾವ, ಬಿಸಿಲಿಗೆ ಮುದ್ದೆ ಭಾರ. ಅನ್ನ ಉಣ್ರಿ" ಎಂದೆ.

ಮಾವನ ಕೈ ನಿಂತಿತು. ಉಣ್ಣುವಾಗ ಬೇಡ ಅನ್ನಿಸಿಕೊಂಡ ಮನೆಯ ಹೊಸ್ತಿಲನ್ನು ಮತ್ತೆ ತುಳಿಯುವ ಜನ ಅಲ್ಲ ಅವರು. ನನ್ನನ್ನು ನೋಡಿದರು, ಮಗಳನ್ನು ನೋಡಿದರು, "ಇನ್ನೊಂದು ಮುದ್ದೆ ಹಾಕವ್ವ" ಎಂದರು. ಹಟಕ್ಕೆ ಅದನ್ನೂ ನುಂಗಿದರು. ಇಳಿದ ಒಂದೊಂದು ತುತ್ತನ್ನೂ ನಾನು ಎಣಿಸುತ್ತ ಕೂತೆ.

ನನಗೂ ಬಡಿಸಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದು ಇವತ್ತು ಉಪವಾಸ ಎಂದೆ.

"ಬುಧವಾರ ಯಾವ ದೇವರದ್ರಿ?"

"ಎಲ್ಲಾ ದೇವರದು" ಎಂದೆ. ಆ ಹೊತ್ತಿನಲ್ಲಿ ನಾನು ಎಲ್ಲ ದೇವರಿಗೂ ಕೈ ಮುಗಿಯುತ್ತಿದ್ದುದರಿಂದ ಅದು ಪೂರ್ತಿ ಸುಳ್ಳೇನಲ್ಲ. ನನ್ನ ಪಾಲಿನ ಮುದ್ದೆಯೂ ಮಾವನ ತಟ್ಟೆಗೇ ಹೋಯಿತು.

ಮಾವ ಕೈ ತೊಳೆದು ಕಂಬಕ್ಕೆ ಒರಗಿದರು. ಹೊಟ್ಟೆ ಹೇಗಿದೆ ಎಂದು ನಾನು ವಿಚಾರಿಸಿದೆ. ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ವಿಚಾರಿಸಿದೆ. ಯಾಕಪ್ಪ, ಕೆಟ್ಟರೆ ನಿನಗೇನಾದರೂ ಅನುಕೂಲವೇ ಎಂದು ಕೇಳಿದರು. ಅಷ್ಟರಲ್ಲಿ ಏಕಾಂತಮ್ಮ ತನ್ನ ತಟ್ಟೆ ಹಾಕಿಕೊಂಡು ಕೂತಳು. ಮುದ್ದೆ ಮುರಿದು ಸಾರಿಗೆ ಅದ್ದಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದವನಿಗೆ ಇನ್ನು ತಡೆಯಲಾಗಲಿಲ್ಲ. ಇವಳಿಲ್ಲದೆ ನನ್ನ ಸಂಸಾರ ಏನು ಎಂಬ ಹೆದರಿಕೆ ಒಮ್ಮೆಗೇ ಬಂದು, ಹೋಗಿ ಅವಳ ಕೈ ಹಿಡಿದೆ. "ತಿನ್ನಬೇಡ ಕಣೇ. ಅದರಲ್ಲಿ ಅಲ್ಯೂಮಿನಿಯಂ ಪುಡಿ ಐತೆ. ಕಲ್ಲಿನ ಮೇಲೆ ಕುಂತು ಪಟ್ಟಿ ಕೊಯ್ದೆ" ಎಂದೆ.

ಮಾವ ನಿಧಾನವಾಗಿ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

"ಮಗಳ ಮೇಲೆ ನಿನಗೆಷ್ಟು ಪ್ರೀತಿ ಐತೆ ಅಂತ ಗೊತ್ತಾತಪ್ಪ. ನನ್ನ ಮೇಲೆ ಎಷ್ಟೈತೆ ಅಂತಲೂ ಗೊತ್ತಾತು."

ಏಕಾಂತಮ್ಮ ನನ್ನ ಕೈ ಬಿಡಿಸಿಕೊಂಡು ಆ ತುತ್ತನ್ನು ನುಂಗಿದಳು. ಆಮೇಲೆ ಸಾವಕಾಶವಾಗಿ ಹೇಳಿದಳು. "ಬೆಳಿಗ್ಗೆ ಮೇಲ್ಗಲ್ಲು ಎತ್ತಿದ್ರೆ ಒಳಗೆಲ್ಲ ಬೆಳ್ಳಿ ಬಳದಂಗಿತ್ತು, ತೆಂಗಿನೆಣ್ಣೆ ವಾಸನೆ ಬೇರೆ. ಯಾರ ಕೆಲ್ಸ ಅಂತ ಕೇಳ್ಬೇಕಾ? ಹಿತ್ಲಿಗೆ ಎಳ್ದು ತೊಳೆದಿಟ್ಟೆ. ರಾಗಿ ಬೀಸಿದ್ದು ಚಿತ್ತಮ್ಮನ ಮನೆ ಕಲ್ಲಲ್ಲಿ."

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೊತ್ತ ಮೂಟೆ ಇಳಿಸಿದಂತಾಗಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾವಾಗ ಬಾಯಿ ಬಿಡುತ್ತೀರೋ ನೋಡೋಣ ಅಂತಿದ್ದೆ, ಉಪವಾಸದವರೆಗೆ ಹೋಗುತ್ತೀರಿ ಅಂದುಕೊಂಡಿರಲಿಲ್ಲ ಎಂದಳು. ಮಾವ ಹೊಟ್ಟೆಯ ಮೇಲಿನ ಕೈ ತೆಗೆದು ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಜೀವ ಪೂರ್ತಿ ಬಂತು, ಅದರ ಜೊತೆಗೇ ಭಯಂಕರ ಹಸಿವೂ ಬಂತು.

ಒಂದು ಮುದ್ದೆ ಹಾಕು ಎಂದು ತಟ್ಟೆ ಮುಂದೆ ಮಾಡಿದೆ.

"ನಿಮ್ದು ಅಪ್ಪ ಉಂಡಾಯ್ತು. ಎಲ್ಲಾ ದೇವ್ರಿಗೂ ಹೇಳಿದೀರಿ, ಹೊತ್ತು ಮುಳುಗೋ ತನಕ ನಡೀಲಿ" ಎಂದಳು. ಅನ್ನ ಇದೆಯಲ್ಲ ಎಂದೆ. ಬಿಸಿಲಿಗೆ ಅನ್ನವೂ ಭಾರ ಎಂದು ಮಾವ ಕಂಬದ ಬುಡದಿಂದ ಹೇಳಿದರು.

ಅವರಿಬ್ಬರೂ ನೋಡುತ್ತಿದ್ದಂತೆ ಎರಡು ಪಟ್ಟಿಗೂ ಹಲಗೆ ಸೇರಿಸಿ ತಂತಿ ಬಿಗಿದೆ. ಕಚ್ಚುಗಳು ಸರಿಯಾಗಿಯೇ ಬಂದಿದ್ದವು, ಅದನ್ನು ಏಕಾಂತಮ್ಮನೂ ಒಪ್ಪಿದಳು. ತನ್ನ ತಟ್ಟೆ, ಅಪ್ಪನ ತಟ್ಟೆ ತೊಳೆದು ತಂದು ನಿಲ್ಲಿಸಿದಳು. ಎರಡೂ ನೆಟ್ಟಗೆ ನಿಂತು ನೀರು ಸೋರಿಸಿದವು. ಕೊನೆಗೆ ನನ್ನ ಕೈಯಲ್ಲಿದ್ದ ತಟ್ಟೆಯನ್ನೂ ತೆಗೆದುಕೊಂಡು ಪಕ್ಕದ ಕಚ್ಚಿಗೆ ಸಿಕ್ಕಿಸಿದಳು. ಅದು ಆಗಲೇ ಒಣಗಿತ್ತು.