ಬೆಲ್ಲದ ಪಾಕದ ಗೋದಲಿ

ಪಂಚಾಕ್ಷರಪ್ಪನವರು ಕೈ ಮುಗಿದರು. ಮುಗಿದ ಕೈ ಮತ್ತೆ ಬಿಚ್ಚಲಿಲ್ಲ!

ಎದುರಿಗೆ ನಿಂತವರು ಮಗಳು ಶಿವಲೀಲಾಳ ಕಾನ್ವೆಂಟ್ ಶಾಲೆಯ ಸಿಸ್ಟರ್. ಜಗಳೂರಿನ ಪೇಟೆಯಿಂದ ಹಿಂದಿರುಗುವಾಗ ಬಾಗಿಲಲ್ಲಿ ಇಣುಕಿದ್ದರು. ಇವರು ಕೈ ಇಳಿಸಲಿಲ್ಲವೆಂದು ಮರ್ಯಾದೆಗೆ ಅವರೂ ಇಳಿಸಲಿಲ್ಲ. ಇಬ್ಬರೂ ಚುನಾವಣೆಗೆ ನಿಂತವರ ಹಾಗೆ ಕೈ ಮುಗಿದುಕೊಂಡೇ ಮಾತಾಡಿದರು.

"ಕ್ರಿಸ್ಮಸ್ ಚಿತ್ರ ಎಲ್ಲಿಗೆ ಬಂತು?"

"ನಾಳೆ ತರ್ತೀವಿ ಸಿಸ್ಟರ್. ಎದುರು ಗೋಡೆಗೆ ಗಟ್ಟಿ ಮೊಳೆ ಹೊಡಿಸಿಡ್ರಿ!"

ಸಿಸ್ಟರ್ ಅತ್ತ ಹೋದದ್ದೇ ಹೆಂಡತಿ ಕೊಟ್ರಮ್ಮ ಬಿಸಿನೀರು ಸುರಿದು ಪಾಕಕ್ಕೆ ಅಂಟಿದ ಕೈ ಬಿಡಿಸಿದರು.

"ಅಂಗಡ್ಯಾಗೆ ಗೋಂದು ಸಿಗ್ತಿರ್ಲಿಲ್ಲೇನ್ರಿ?"

"ಗೋಂದು ಬರೀ ಕಾಗದಕ್ಕಾತು. ಇದು ಶೇಂಗಾ ಸಿಪ್ಪೆ, ಜೋಳದ ರವದಿ, ನಿನ್ನ ರವಿಕೆ ಖಣ, ಎಲ್ಲಾ ಹಿಡೀಬೇಕು. ಶೇಂಗಾ ಮಿಠಾಯಿ ನೋಡು, ಹಲ್ಲು ಮುರಿದ್ರೂ ಬೀಜ ಬಿಡ್ತೈತೇನು? ಬೆಲ್ಲದ ಪಾಕದ ಹಿಡಿತಾನೇ ಬೇರೆ!"

"ನನ್ನ ಖಣಾನಾ?" ಎಂದು ಕೊಟ್ರಮ್ಮ ಪೆಟ್ಟಿಗೆಯ ಕಡೆ ಓಡಿದರು.

ಹೋದ ವರ್ಷ ಲೀಲಾಳ ಚಿತ್ರಕ್ಕೆ ಶಾಲೆಯಲ್ಲಿ ಸಿಕ್ಕಿದ್ದು ಬಾಗಿಲ ಹಿಂದಿನ ಜಾಗ. ಬಾಗಿಲು ತೆರೆದಾಗಲೆಲ್ಲ ಚಿತ್ರ ಮಾಯ! "ಈ ಸಲನಾದ್ರೂ ಎದುರಿಗೆ ಹಾಕ್ತಾರೇನಪ್ಪಾ?" ಎಂದು ಅವಳು ಕೇಳಿದಾಗಲೇ ಅಪ್ಪನೊಳಗಿನ ಶಿಲ್ಪಿ ಎದ್ದು ಕೂತಿದ್ದ.

ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಬೆಟ್ಟ ಎದ್ದಿತು. ಅದರ ಬುಡದಲ್ಲಿ ಬಾಲಯೇಸು ಹುಟ್ಟಿದ ಗೋದಲಿ, ಜೋಳದ ಒಣಗರಿಯ ರವದಿ ಹೊದ್ದು ನಿಂತಿತು. ಲೀಲಾ ಅಂಟಿಸಿದಳು, ಅವಳ ತಮ್ಮ ಮಹೇಶ ಅಂಟಿಸಿದ್ದಕ್ಕಿಂತ ನೆಕ್ಕಿದ್ದೇ ಹೆಚ್ಚು.

"ಹಿಮ ಅಂದ್ರೆ ಏನಪ್ಪಾ?" ಎಂದಳು ಲೀಲಾ.

ಮಳೆಯನ್ನೇ ಅಪರೂಪಕ್ಕೆ ಕಾಣುವ ಊರಿನಲ್ಲಿ ಹಿಮ ಕಂಡವರು ಯಾರು! "ಮೇಲಿಂದ ಬೀಳೋ ವಿಭೂತಿ ಅಂತ ತಿಳ್ಕೊ" ಎಂದವರೇ, ಪೂಜೆಯ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಧಾರಾಳವಾಗಿ ಉದುರಿಸಿದರು.

"ಅಯ್ಯೋ ಶಿವನೇ! ಹಣೆಗೆ ಹಚ್ಚೋದಲ್ಲೇನ್ರಿ ಅದು?"

"ಬೆಟ್ಟದ ಹಣೆಗೇ ಹಚ್ತಿದೀನಿ, ಸುಮ್ನಿರು."

ಮರುದಿನ ಮನೆಮಂದಿಯೆಲ್ಲ ಸೇರಿ ಚಿತ್ರವನ್ನು ಪಂಚೆಯಲ್ಲಿ ಸುತ್ತಿ, ಮೆರವಣಿಗೆಯ ಗತ್ತಿನಲ್ಲಿ ಶಾಲೆಗೆ ಒಯ್ದರು. ಎಲ್ಲರೆದುರು ಪಂಚೆ ಬಿಚ್ಚಿದರೆ, ಬೆಳ್ಳನೆಯ ಬೆಟ್ಟದ ತುಂಬ ಕರಿ ಇರುವೆ! ಸಾಲುಸಾಲಾಗಿ ಗೋದಲಿ ಹೊಕ್ಕು ಹೊರಬರುತ್ತಿವೆ!

ಕೊಟ್ರಮ್ಮ ಮೆಲ್ಲಗೆ ಅಂದರು: "ಹಿಡಿತ ಭಾಳ ಐತ್ರಿ. ಊರ ಇರುವೆನೆಲ್ಲ ಹಿಡ್ಕಂಡ್ ಬಂದೈತೆ."

ಪಂಚಾಕ್ಷರಪ್ಪನವರು ಹಿಂದೆ ಹಿಂದೆ ಸರಿದು ಜಗಲಿಯ ಕಂಬದ ಮರೆ ಸೇರಿದರು. ಎದುರು ಗೋಡೆಯ ಗಟ್ಟಿ ಮೊಳೆ ಖಾಲಿಯಾಗಿ ಕಾಯುತ್ತಿತ್ತು. ಬಾಗಿಲ ಹಿಂದೆಯೂ ಒಂದು ಮೊಳೆ ಇತ್ತು.

"ಇದೇನು ಮಗೂ, ಕಪ್ಪಗೆ?" ಎಂದರು ಸಿಸ್ಟರ್.

ಲೀಲಾ ಎದುರು ಗೋಡೆಯ ಮೊಳೆಯನ್ನೇ ನೋಡಿದಳು.

"ಕುರಿ, ಸಿಸ್ಟರ್."

"ಇಷ್ಟು ಚಿಕ್ಕವಾ?"

"ದೂರ ಅದಾವೆ."

"ಕುರಿ ಬೆಳ್ಳಗಿರಬೇಕಲ್ಲ?"

"ನಮ್ ಕಡೆ ಕರೇವೇ ಜಾಸ್ತಿ."

"ಅಲ್ಲಮ್ಮಾ, ನಡೆದಾಡ್ತಾ ಇವೆ!"

"ಮತ್ತೆ ಮೇಯಬಾರ್ದೇನ್ರಿ?"

ಸಿಸ್ಟರ್ ತುಟಿ ಕಚ್ಚಿಕೊಂಡು ನಗು ತಡೆದರು. ಆಮೇಲೆ ಚಿತ್ರವನ್ನು ತಾವೇ ಎತ್ತಿ, ಎದುರು ಗೋಡೆಗೆ ತೂಗುಹಾಕಿ, ಕೈಗೆ ಹತ್ತಿದ ಇರುವೆ ಕೊಡವಿಕೊಂಡರು.

"ಸರಿ, ಇಷ್ಟೊಂದು ಕುರಿ ಬಂದಿವೆ. ಕಾಯುವವರು ಎಲ್ಲಿ?"

ಲೀಲಾ ತಿರುಗಿಯೂ ನೋಡಲಿಲ್ಲ.

"ಕಂಬದ ಹಿಂದೆ ನಿಂತಾರೆ ನೋಡ್ರಿ."